ದೈತ್ಯಪ್ರಾಣಿಗಳ ಅವಶೇಷ ಮಾರಾಟ

ಕಲ್ಪನಾಲೋಕದ ಪಾತ್ರಾಭಿನಯ ಆಟಗಳಲ್ಲಿ ಕೊಂದ ದೈತ್ಯಪ್ರಾಣಿಯ ತೊಗಲು, ಕೊಂಬು, ಹುರುಪೆ, ವಿಷ ಮೊದಲಾದವನ್ನು ಮಾರಿ ಹಣ ಗಳಿಸುವ ಪದ್ಧತಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಪರಂಪರೆಯಲ್ಲಿ ಇದು ಬೇಗನೆ ಬೇರೂರಿತು. ಅದೇ ಆಟದ 1977ರ ಕೈಪಿಡಿ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ದೈತ್ಯ ಬೀವರ್‌ನ ತೊಗಲಿಗೆ 500ರಿಂದ 2000 ಚಿನ್ನದ ನಾಣ್ಯಗಳ ಬೆಲೆ ಕಟ್ಟಿದೆ. ಆದರೆ ಬಹುಪಾಲು ಪ್ರಾಣಿಗಳಿಗೆ ಇಂಥ ದರವಿಲ್ಲ. ಅಲ್ಲಿ ಬೆಲೆ ನಿರ್ಧಾರ ಆಟ ನಡೆಸುವವರ ವಿವೇಚನೆಗೆ ಬಿಟ್ಟದ್ದು. ಕೊಳ್ಳುವವರು ಯಾರು, ಸುಲಿಯಲು ಯಾವ ಕೌಶಲ ಬೇಕು, ಡ್ರ್ಯಾಗನ್‌ನ ಹೆಣವನ್ನು ಗುಹೆಯಿಂದ ಊರಿಗೆ ಸಾಗಿಸುವುದು ಹೇಗೆ ಎಂಬ ಪ್ರಶ್ನೆಗಳಿಂದಲೇ ಹೊಸ ಕಥೆಗಳು ಹುಟ್ಟುತ್ತವೆ. ಮಾರಾಟ ತೀರ ಸಲೀಸಾದರೆ ಮಾತ್ರ ಸಾಹಸ ಬರಿಯ ಕಸಾಯಿ ಕೆಲಸವಾಗುತ್ತದೆ. ಮಾತನಾಡುವ, ಯೋಚಿಸುವ ಜೀವಿಗಳ ದೇಹವನ್ನು ಸರಕಾಗಿಸುವುದು ಸರಿಯೇ ಎಂಬ ನೈತಿಕ ಪ್ರಶ್ನೆಯೂ ಗಂಭೀರವಾದದ್ದು.

ವಿಡಿಯೋ ಆಟಗಳಲ್ಲಿ ಲೆಕ್ಕವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಜಪಾನಿನ ‘ಫೈನಲ್ ಫ್ಯಾಂಟಸಿ 12’ (2006) ಆಟದಲ್ಲಿ ಸತ್ತ ತೋಳದಿಂದ ನಾಣ್ಯ ಉದುರುವುದಿಲ್ಲ, ತೊಗಲು ಸಿಗುತ್ತದೆ; ಅದನ್ನು ಅಂಗಡಿಗೆ ಮಾರಬೇಕು. ಹೀಗೆ ಮಾರಿದ ವಸ್ತುಗಳು ಸರಿಯಾದ ಪ್ರಮಾಣದಲ್ಲಿ ಕೂಡಿದಾಗ ಅಂಗಡಿಯಲ್ಲಿ ಹೊಸ ಸರಕು ಕಾಣಿಸಿಕೊಳ್ಳುತ್ತದೆ. ಕಾಡುಮೃಗದ ಬಳಿ ಹಣವೇಕೆ ಇರುತ್ತದೆ ಎಂಬ ಹಳೆಯ ತೊಡಕಿಗೆ ಇದು ಅಚ್ಚುಕಟ್ಟಾದ ಪರಿಹಾರ. ಕ್ಯಾಪ್‌ಕಾಮ್ ಸಂಸ್ಥೆಯ ‘ಮಾನ್‌ಸ್ಟರ್ ಹಂಟರ್’ (2004) ಸರಣಿಯಲ್ಲಿ ಬೇಟೆಯ ಎಲುಬು, ಹುರುಪೆಗಳನ್ನು ಮಾರಬಹುದಾದರೂ, ಕಮ್ಮಾರನಿಂದ ಆಯುಧ, ಕವಚ ಮಾಡಿಸಿಕೊಳ್ಳುವುದೇ ಅವುಗಳ ಮುಖ್ಯ ಉಪಯೋಗ.