ಕುಡಿಯುವುದೋ, ಉರಿಸುವುದೋ? – ಸ್ಪಿರಿಟ್ ಒಲೆಯ ಕಥೆ

ಅಮೆರಿಕದ ಪೂರ್ವಭಾಗದಲ್ಲಿ, ಜಾರ್ಜಿಯಾದಿಂದ ಮೇನ್ ರಾಜ್ಯದವರೆಗೆ, ಬೆಟ್ಟಗಳ ಮೇಲೆಯೇ ಸಾಗುವ ಒಂದು ಕಾಲುದಾರಿ ಇದೆ. ಅಪಲೇಶಿಯನ್ ಟ್ರೇಲ್ ಎಂದು ಅದರ ಹೆಸರು. 1937ರಲ್ಲಿ ಪೂರ್ತಿಯಾದ ಈ ದಾರಿಯ ಉದ್ದ ಸುಮಾರು 3,500 ಕಿಲೋಮೀಟರು. ಬೆನ್ನಮೇಲೆ ಗಂಟು ಹೊತ್ತು ಐದಾರು ತಿಂಗಳು ಇದರಲ್ಲಿ ನಡೆಯುವವರಲ್ಲಿ ಹಲವರ ಅಡಿಗೆಮನೆ ಒಂದು ಅಂಗೈಯಲ್ಲಿ ಅಡಗುತ್ತದೆ. ತಂಪುಪಾನೀಯದ ಎರಡು ಖಾಲಿ ಅಲ್ಯೂಮಿನಿಯಂ ಡಬ್ಬಿಗಳ ತಳವನ್ನು ಕತ್ತರಿಯಿಂದ ಕತ್ತರಿಸಿ, ಒಂದರೊಳಗೊಂದು ತೂರಿಸಿ, ಅಂಚಿನ ಸುತ್ತ ಸೂಜಿಯಿಂದ ತೂತು ಮಾಡಿದರೆ ಒಲೆ ಸಿದ್ಧ. ತೂಕ 20 ಗ್ರಾಂ ದಾಟುವುದು ಅಪರೂಪ. ಖರ್ಚು ಇಲ್ಲವೆಂದರೂ ಸರಿ. ಉರಿಯುವುದು ಸ್ಪಿರಿಟ್.

ನಮ್ಮ ಶಾಲೆಯ ಪ್ರಯೋಗಶಾಲೆಗಳಲ್ಲಿದ್ದ ಬತ್ತಿಯ ಸ್ಪಿರಿಟ್ ದೀಪಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇದಕ್ಕೆ ಬತ್ತಿಯಿಲ್ಲ, ಇರುವುದು ಎರಡು ಗೋಡೆ. ನಡುವಿನ ಗುಳಿಯಲ್ಲಿ ಸ್ಪಿರಿಟ್ ಸುರಿದು ಕಡ್ಡಿ ಗೀರಿದಾಗ ಮೊದಲು ಸೋಮಾರಿಯಾಗಿ ಉರಿಯುತ್ತದೆ. ಆ ಉರಿಗೆ ಗೋಡೆ ಕಾಯುತ್ತದೆ. ಮದ್ಯಸಾರ 78 ಡಿಗ್ರಿಗೇ ಕುದಿಯುವ ವಸ್ತುವಾದ್ದರಿಂದ ಎರಡು ಗೋಡೆಗಳ ನಡುವಿನದು ಬೇಗ ಆವಿಯಾಗಿ, ತೂತುಗಳಿಂದ ಹೊರನುಗ್ಗಿ, ಗ್ಯಾಸ್ ಒಲೆಯಂತೆ ಉಂಗುರಾಕಾರದಲ್ಲಿ ಹೊತ್ತಿಕೊಳ್ಳುತ್ತದೆ. ಪಂಪು, ವಾಷರು, ಪಿನ್ನು ಏನೂ ಬೇಡ. ಎರಡು ಚಮಚೆಯಷ್ಟು ಹೆಚ್ಚುಕಡಿಮೆ, ಅಂದರೆ ಸುಮಾರು 30 ಮಿಲಿಲೀಟರು ಸ್ಪಿರಿಟ್ಟಿನಲ್ಲಿ ಅರ್ಧ ಲೀಟರು ನೀರು ಕುದಿಯುತ್ತದೆ.

ಈ ಬುದ್ಧಿವಂತಿಕೆ ಇಂದಿನ ಚಾರಣಿಗರದೆಂದು ತಿಳಿಯಬಾರದು. ಇಂಥದೇ ರಚನೆಗೆ 1904ರಷ್ಟು ಹಿಂದೆಯೇ ನ್ಯೂಯಾರ್ಕಿನ ಒಬ್ಬ ತಾಮ್ರದ ಕೆಲಸಗಾರ ಪೇಟೆಂಟ್ ಪಡೆದಿದ್ದ. ಸ್ವೀಡನ್ನಿನ ಟ್ರಾಂಗ್ಸ್‌ವೀಕನ್ ಎಂಬ ಊರಿನಲ್ಲಿ 1925ರಲ್ಲಿ ಆರಂಭವಾದ ಟ್ರಾಂಜಿಯಾ ಕಂಪನಿಯ ಹಿತ್ತಾಳೆಯ ಸ್ಪಿರಿಟ್ ಒಲೆಯೂ ಇದೇ ಜಾತಿಯದು. ಅದಕ್ಕೆ ಗಾಳಿತಡೆ, ಪಾತ್ರೆ ಎಲ್ಲವನ್ನೂ ಒಂದರೊಳಗೊಂದು ಕೂರಿಸಿ 1951ರಲ್ಲಿ ಅವರು ತಂದ ಬಿರುಗಾಳಿ ಒಲೆ ಇಂದಿಗೂ ಮಾರಾಟವಾಗುತ್ತಿದೆ. ಇನ್ನೂ ಹಿಂದೆ ಹೋದರೆ, ಲಂಡನ್ನಿನ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸೊಯೆ 1849ರಲ್ಲಿ ಊಟದ ಮೇಜಿನ ಮೇಲೇ ಅಡಿಗೆ ಮಾಡಬಲ್ಲ ಸ್ಪಿರಿಟ್ಟಿನ 'ಮಾಯಾ ಒಲೆ'ಯನ್ನು ಮಾರಿದ್ದ. 1888ರಲ್ಲಿ ನಾರ್ವೆಯ ನಾನ್ಸೆನ್ ಐವರು ಸಂಗಡಿಗರೊಡನೆ ಗ್ರೀನ್‌ಲ್ಯಾಂಡಿನ ಹಿಮವನ್ನು ಮೊದಲಬಾರಿಗೆ ದಾಟಿದಾಗ ಹಿಮ ಕರಗಿಸಿ ನೀರು ಮಾಡಿಕೊಟ್ಟದ್ದು ಸ್ಪಿರಿಟ್ ಒಲೆಯೇ.

ಇಷ್ಟು ಸರಳವಾದ ಒಲೆ ಮನೆಮನೆಗೆ ಏಕೆ ಬರಲಿಲ್ಲ? ಒಂದು ಉತ್ತರ ಶಾಖದ ಲೆಕ್ಕ. ಸೀಮೆಎಣ್ಣೆಯ ಶಾಖ ಹತ್ತು ಪಾಲಾದರೆ ಅಷ್ಟೇ ತೂಕದ ಮದ್ಯಸಾರದ್ದು ಆರೇ ಪಾಲು. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಪ್ರೈಮಸ್ ಸ್ಟೋವನ್ನು ರೂಪಿಸಿದ. ಮರುವರ್ಷ ಉತ್ತರಧ್ರುವದ ಕಡೆ ಹೊರಟ ನಾನ್ಸೆನ್ ಸ್ಪಿರಿಟ್ ಬಿಟ್ಟು ಅದನ್ನೇ ಒಯ್ದ. ಮುಂಬಯಿಯ ಚಾಳುಗಳಲ್ಲಿ, ಖಾನಾವಳಿಯ ಊಟ ಸಾಕಾಗಿ ಕೋಣೆಯಲ್ಲೇ ಅನ್ನಸಾರು ಬೇಯಿಸಿಕೊಂಡ ನಮ್ಮ ಹಿರಿಯರಿಗೆ ಈ ಪಂಪ್ ಸ್ಟೋವಿನ ಭೋರ್ಗರೆತ ಗೊತ್ತಿದ್ದದ್ದೇ. ಅದರ ನೆತ್ತಿ ಕಾಯಿಸಲು ಬಟ್ಟಲಿಗೆ ಹಾಕುತ್ತಿದ್ದ ನಾಲ್ಕು ಹನಿ ಸ್ಪಿರಿಟ್ಟಿನಲ್ಲಿ ಹಳೆಯ ಒಲೆ ಇನ್ನೂ ಉಸಿರಾಡುತ್ತಿತ್ತೆನ್ನಬಹುದು.

ಎರಡನೆಯ ಉತ್ತರವೇ ನನಗೆ ಮುಖ್ಯವಾಗಿ ಕಾಣುವುದು. ಉರಿಸುವ ಈ ದ್ರವವನ್ನು ಕುಡಿಯಲೂಬಹುದು. ಆದ್ದರಿಂದ ಅದರ ಹಣೆಬರಹ ಬರೆದವರು ಕಮ್ಮಾರರಲ್ಲ, ಅಬಕಾರಿ ಅಧಿಕಾರಿಗಳು. ಅಮೆರಿಕದಲ್ಲಿ 1850ರ ದಶಕದಲ್ಲಿ ಮದ್ಯಸಾರ, ಟರ್ಪೆಂಟೈನ್ ಬೆರೆಸಿದ ದ್ರವ ಮನೆದೀಪಗಳಲ್ಲಿ ಉರಿಯುತ್ತಿತ್ತು. ಅಂತರ್ಯುದ್ಧದ ಖರ್ಚಿಗೆಂದು 1862ರಲ್ಲಿ ಮದ್ಯಸಾರದ ಮೇಲೆ ಹಾಕಿದ ಸುಂಕ 1865ರ ಹೊತ್ತಿಗೆ ಗ್ಯಾಲನ್ನಿಗೆ 2 ಡಾಲರಿಗೇರಿತು. ದೀಪ ಆರಿತು, ಸೀಮೆಎಣ್ಣೆ ಗೆದ್ದಿತು. ಉರಿಸುವ ಸ್ಪಿರಿಟ್ಟಿಗೆ ಸುಂಕ ತಪ್ಪಿದ್ದು 1906ರ ಕಾನೂನಿನಿಂದ.

ಆದರೆ ಸುಂಕವಿಲ್ಲದ ಸ್ಪಿರಿಟ್ಟನ್ನು ಜನ ಕುಡಿಯದಂತೆ ತಡೆಯುವುದು ಹೇಗೆ? ದಾರಿ ತೋರಿದ್ದು ಬ್ರಿಟನ್. 1855ರಲ್ಲೇ ಅಲ್ಲಿ ಒಂಬತ್ತು ಪಾಲು ಮದ್ಯಸಾರಕ್ಕೆ ಒಂದು ಪಾಲು ಮರದಿಂದ ಇಳಿಸಿದ ನಾಫ್ತಾ ಬೆರೆಸಿ 'ಮೆಥಿಲೇಟೆಡ್ ಸ್ಪಿರಿಟ್' ಮಾಡಿದರು. ರುಚಿ ಕೆಡಿಸಲು ಹಾಕಿದ ಇದರಲ್ಲೇ ಕಣ್ಣು ಕಳೆಯುವ, ಪ್ರಾಣ ತೆಗೆಯುವ ಮಿಥೈಲ್ ಆಲ್ಕೊಹಾಲ್ ಇದೆ. ಸುಂಕ ಉಳಿಯಿತು, ಅಪಾಯ ಬಡವನ ಪಾಲಿಗೆ ಹೋಯಿತು. ಅಮೆರಿಕದ ಪಾನನಿಷೇಧದ ದಿನಗಳಲ್ಲಿ ಸರಕಾರ ಈ ವಿಷದ ಪ್ರಮಾಣವನ್ನು ಬೇಕೆಂದೇ ಹೆಚ್ಚಿಸಿದಾಗ, ನ್ಯೂಯಾರ್ಕಿನ ಶವಪರೀಕ್ಷಾ ವೈದ್ಯಾಧಿಕಾರಿ ಚಾರ್ಲ್ಸ್ ನಾರಿಸ್ ಸಾಯುತ್ತಿರುವವರು ಬಡವರೆಂದು ಬಹಿರಂಗವಾಗಿಯೇ ಖಂಡಿಸಿದರು.

ನಮ್ಮಲ್ಲಿಯೂ ಈ ಕಥೆ ನಡೆದಿದೆ. 1949ರ ಮುಂಬಯಿ ಪಾನನಿಷೇಧ ಕಾಯಿದೆ, ಕುಡಿಯುವ ಉದ್ದೇಶದಿಂದ ಡಿನೇಚರ್ಡ್ ಸ್ಪಿರಿಟ್ಟಿಗೆ ನೀರು ಬೆರೆಸುವುದನ್ನೂ ಅಪರಾಧವೆಂದು ಪ್ರತ್ಯೇಕವಾಗಿ ಹೇಳುತ್ತದೆ. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬಯಿ ಪ್ರಾಂತದಲ್ಲೇ ಇದ್ದವೆಂಬುದನ್ನು ನೆನೆಯಬೇಕು. ಕಾಯಿದೆಯಲ್ಲಿ ಅಷ್ಟು ಬಿಡಿಸಿ ಬರೆಯಬೇಕಾಯಿತೆಂದರೆ ಯಾರೋ ಹಾಗೆ ಕುಡಿಯುತ್ತಿದ್ದರೆಂದೇ ಅರ್ಥ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಕೂಲಿ ಮುಗಿಸಿ ಸಂಜೆ ಗಡಂಗಿಗೆ ಹೋದವನಿಗೆ ಎರಡು ಆಲ್ಕೊಹಾಲುಗಳ ಭೇದ ಹೇಳುವವರು ಯಾರಿದ್ದರು? ನೋಡಲು ಎರಡೂ ನೀರಿನಂತೆ.

ಅಪಲೇಶಿಯನ್ ದಾರಿಯ ಡಬ್ಬಿ ಒಲೆಗೆ ಈಗ ಹಲವರು ಸುರಿಯುವುದೂ ಆ ಮಿಥೈಲ್ ಆಲ್ಕೊಹಾಲನ್ನೇ. ಚಳಿಗಾಲದಲ್ಲಿ ಕಾರಿನ ಪೆಟ್ರೋಲು ಕೊಳವೆ ಹೆಪ್ಪುಗಟ್ಟದಿರಲೆಂದು ಹಾಕುವ ಈ ದ್ರವ ಅಲ್ಲಿ ಪೆಟ್ರೋಲು ಬಂಕಿನಲ್ಲೇ ಸಿಗುತ್ತದೆ. ಗ್ಯಾಸಿನ ಡಬ್ಬಿ ಸಿಗದ ಹಳ್ಳಿಯಲ್ಲೂ ದೊರೆಯುತ್ತದೆ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲವೆನ್ನಬೇಕು. ಆರಿತೆಂದು ತಿಳಿದು ಮತ್ತೆ ಸುರಿಯಲು ಹೋಗಿ ಕೈ ಸುಟ್ಟುಕೊಂಡವರುಂಟು. ರಜೆಯಲ್ಲಿ ಸಹ್ಯಾದ್ರಿಯ ಕೋಟೆಗಳನ್ನು ಹತ್ತುವ ನಮ್ಮ ಮಕ್ಕಳು ಇಂಥ ಒಲೆ ಮಾಡಹೊರಟರೆ ಹಿರಿಯರು ಮೊದಲು ಹೇಳಬೇಕಾದದ್ದು ಇದನ್ನೇ. ಬಾಟಲಿಯ ಮೇಲೆ ವಿಷವೆಂದು ದಪ್ಪಕ್ಷರದಲ್ಲಿ ಬರೆದಿಡುವುದೂ ಒಳ್ಳೆಯದು. ನೀರಿನ ಬಾಟಲಿಯಲ್ಲಂತೂ ಅದನ್ನು ತುಂಬಲೇಬಾರದು.

ಅಮೆರಿಕದ ಎಷ್ಟೋ ಅರಣ್ಯಗಳಲ್ಲಿ ಬೇಸಗೆ ಒಣಗಿದಾಗ ಉರಿಯನ್ನು ಕೂಡಲೇ ನಿಲ್ಲಿಸುವ ತಿರುಪಿಲ್ಲದ ಒಲೆಗಳಿಗೆ ಈಗ ಅನುಮತಿಯಿಲ್ಲ. ಡಬ್ಬಿ ಒಲೆಗೆ ತಿರುಪೆಲ್ಲಿಂದ ಬರಬೇಕು? ಆ ತಿಂಗಳುಗಳಲ್ಲಿ ನಡೆಯುವವರು ಅದನ್ನು ಮನೆಯಲ್ಲಿಟ್ಟು ಗ್ಯಾಸ್ ಒಲೆ ಹೊತ್ತೊಯ್ಯುತ್ತಾರೆ.