ಚಾವಣಿಯ ಮಾವು

ಯಲ್ದೂರಿನ ಕಡೆಯವರಿಗೆ ಮಾವಿನ ಮಾತು ಹೇಳಹೊರಡುವುದು ಅಧಿಕಪ್ರಸಂಗವೆನಿಸೀತು. ಶ್ರೀನಿವಾಸಪುರದ ಸೀಮೆಯೇ ಮಾವಿನ ಸೀಮೆ. ಆದರೆ ಸುಮಾರು ಸಾವಿರದೈನೂರು ವರ್ಷಗಳಿಂದ ಬಾಡದೆ ಉಳಿದಿರುವ ಮಾವು ಒಂದುಂಟು. ಮಹಾರಾಷ್ಟ್ರದ ಅಜಂತೆಯಲ್ಲಿ, ಒಂದನೆಯ ಗುಹೆಯ ಚಾವಣಿಯನ್ನು ಚೌಕಚೌಕಗಳಾಗಿ ವಿಂಗಡಿಸಿ ಬಣ್ಣದಲ್ಲಿ ಅಲಂಕರಿಸಿದ್ದಾರೆ. ಅಲ್ಲಿ ಕಮಲ, ಹಂಸ, ಆನೆ, ಗೂಳಿಗಳ ಜೊತೆಗೆ ಮಾವಿನ ಹಣ್ಣೂ ಇದೆ.

ಆ ಹಣ್ಣಿಗೂ ತೋಪಿನ ಹಣ್ಣಿಗೂ ವ್ಯತ್ಯಾಸವುಂಟು. ಚಾವಣಿಯ ಹಣ್ಣು ತನ್ನ ಚೌಕಕ್ಕೆ ಒಪ್ಪುವಂತೆ ಬಾಗುತ್ತದೆ, ಎಲೆ ಬಳುಕಿ ಮೂಲೆಯನ್ನು ತುಂಬುತ್ತದೆ. ಅಲ್ಲಿ ರೇಖೆಯೇ ಯಜಮಾನ, ಬಣ್ಣ ಅದರ ಮಾತನ್ನು ಕೇಳಿ ನಡೆಯುತ್ತದೆ. ತಮ್ಮ ಮನೆಯ ಬಾಗಿಲಲ್ಲಿ ಚುಕ್ಕಿಯಿಟ್ಟು ಎಳೆ ಸುತ್ತುವ ಹೆಣ್ಣುಮಕ್ಕಳಿಗೂ, ಸೀರೆಯ ಅಂಚಿನಲ್ಲಿ ಮಾವಿನಕಾಯಿ ನೇಯುವವರಿಗೂ ಈ ಕಟ್ಟು ಚೆನ್ನಾಗಿ ಗೊತ್ತು.

ಇಂಗ್ಲೆಂಡಿನ ನೀರುಬಣ್ಣದ ಪದ್ಧತಿ ಬೇರೆ. ಬಿಳಿಯ ಕಾಗದದ ಮೇಲೆ ತೆಳುವಾದ ಬಣ್ಣ ಹರಿಸಿ ಬೆಳಕು, ನೆರಳು, ದೂರಗಳನ್ನು ಕಾಣಿಸುವುದು ಅದರ ಗುರಿ. ಹಾಗೆ ಪಳಗಿದ ಕೈ ನಮ್ಮ ಅಲಂಕಾರದ ಎದುರು ಕುಳಿತರೆ ಏನಾಗುತ್ತದೆ?

ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಅಂಥ ಒಬ್ಬ ಕಲಾವಿದೆ. ನೀರುಬಣ್ಣ ಬಲ್ಲವರು, ಮೊಟ್ಟೆಯ ಹಳದಿ ಭಾಗದಲ್ಲಿ ಬಣ್ಣ ಕಲಸುವ ಹಳೆಯ ಟೆಂಪೆರಾ ವಿಧಾನವನ್ನು ಮತ್ತೆ ಬಳಕೆಗೆ ತಂದವರಲ್ಲಿ ಒಬ್ಬರು. ಇಟಲಿಯ ಚೆನ್ನೀನೋ ಚೆನ್ನೀನಿ ಬರೆದ ಚಿತ್ರಕಾರರ ಕೈಪಿಡಿಯನ್ನು 1899ರಲ್ಲಿ ಇಂಗ್ಲಿಷಿಗೆ ತಂದಿದ್ದರು. ಅಜಂತೆಯ ಚಿತ್ರಗಳನ್ನು ಪ್ರತಿಮಾಡಲು 1909ರಿಂದ 1911ರ ನಡುವಿನ ಎರಡು ಚಳಿಗಾಲಗಳಲ್ಲಿ ಬಂದರು. ಕಾರಣವಿಲ್ಲದೆ ಪಟ್ಟ ಶ್ರಮವಲ್ಲ ಅದು. ರಾಬರ್ಟ್ ಗಿಲ್ ವರ್ಷಗಟ್ಟಲೆ ಕುಳಿತು ಮಾಡಿದ್ದ ಪ್ರತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬೆಂಕಿಗೆ ಆಹುತಿಯಾಗಿದ್ದವು. ಮುಂಬಯಿಯ ಜಾನ್ ಗ್ರಿಫಿತ್ಸ್ ಮಾಡಿಸಿದ ಪ್ರತಿಗಳಲ್ಲೂ ಹಲವು 1885ರಲ್ಲಿ ಸುಟ್ಟುಹೋದವು. ಇತ್ತ ಗುಹೆಯ ಗೋಡೆಯಲ್ಲಿ ಗಾರೆ ಉದುರುತ್ತಿತ್ತು.

ಹೆರಿಂಗ್‌ಹ್ಯಾಮ್ ಅವರಿಗೆ ನೆರವಾಗಲು ಕಲ್ಕತ್ತೆಯಿಂದ ಬಂದ ತರುಣರಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಇದ್ದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿ, ಅವನೀಂದ್ರನಾಥ ಠಾಕೂರರ ಬಳಿ ಕಲಿಯಲು ಹೋಗಿದ್ದವರು ಅವರು. ಪ್ರತಿಮಾಡುವವನು ತನ್ನ ಇಷ್ಟವನ್ನು ಬದಿಗಿಡಬೇಕು. ಎದುರಿನ ರೇಖೆ ಎಲ್ಲಿ ದಪ್ಪವಾಯಿತು, ಎಲ್ಲಿ ಸಣ್ಣಗಾಯಿತು ಎಂದು ಕೈಯೇ ಹುಡುಕಿ ಕಲಿಯಬೇಕು.

ಹೆರಿಂಗ್‌ಹ್ಯಾಮ್ ಅವರಿಗೆ ಈ ಕಲಿಕೆಯ ಫಲ ದಕ್ಕಲಿಲ್ಲ. 1911ರಲ್ಲಿ ಊರಿಗೆ ಮರಳಿದ ಮೇಲೆ ಮನಸ್ಸಿನ ಕಾಯಿಲೆಗೆ ತುತ್ತಾದರು, 1929ರಲ್ಲಿ ತೀರಿಕೊಂಡರು. ಪ್ರತಿಗಳು ಮಾತ್ರ 1915ರಲ್ಲಿ ಪುಸ್ತಕವಾಗಿ ಲೋಕಕ್ಕೆ ಸಿಕ್ಕವು.

ಫಲ ಕಾಣಿಸಿದ್ದು ಅವರ ಸಹಾಯಕಿ ಡೊರೊಥಿ ಲಾರ್ಚರ್ ಅವರಲ್ಲಿ. ಹೂಗಳ ಚಿತ್ರ ಬರೆಯುತ್ತಿದ್ದ ಆಕೆ ಮೊದಲನೆಯ ಮಹಾಯುದ್ಧದ ಕಾಲವನ್ನು ಭಾರತದಲ್ಲೇ ಕಳೆದು, ಬಟ್ಟೆಗೆ ಬಣ್ಣ ಕಟ್ಟುವ, ಅಚ್ಚು ಒತ್ತುವ ಇಲ್ಲಿನ ಕ್ರಮಗಳನ್ನು ತಿಳಿದುಕೊಂಡರು. 1923ರಲ್ಲಿ ಇಂಗ್ಲೆಂಡಿನಲ್ಲಿ ಫಿಲಿಸ್ ಬ್ಯಾರನ್ ಅವರ ಕಾರ್ಯಶಾಲೆ ಸೇರಿದರು. ನೀಲಿ, ಕಾಚು ಮೊದಲಾದ ಬಣ್ಣಗಳಲ್ಲಿ ಇಬ್ಬರೂ ಕೈಯಿಂದ ಅಚ್ಚು ಒತ್ತಿದ ಬಟ್ಟೆಗಳಿಗೆ ಹೆಸರು ಬಂತು. ಹೂವಿನ ಚಿತ್ರ ಬರೆದ ಕೈಯೇ ಹೂವನ್ನು ಅಚ್ಚಿನ ಅಳತೆಗೆ ಇಳಿಸಿತು. ಯುದ್ಧದ ಅಭಾವ ಆ ಕೆಲಸವನ್ನು ನಿಲ್ಲಿಸಿದಾಗ ಲಾರ್ಚರ್ ಮತ್ತೆ ಹೂಗಳ ಚಿತ್ರಕ್ಕೇ ತಿರುಗಿದರು.

ಕೊಡುಕೊಳೆ ಒಂದೇ ದಾರಿಯದಲ್ಲ. ಅಜಂತೆಯಲ್ಲಿ ಅದೇ ಗೋಡೆಯೆದುರು ಕುಳಿತಿದ್ದ ವೆಂಕಟಪ್ಪನವರು ಮುಂದೆ ಉದಕಮಂಡಲದ ಬೆಟ್ಟಗಳನ್ನೂ ಮಂಜನ್ನೂ ನೀರುಬಣ್ಣದಲ್ಲಿ ಹಿಡಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಅವರದೇ ಹೆಸರು.

ಹೊರಗಿನ ಕಲಾವಿದ ಬಂದು ಮಾವಿನ ಆಕಾರವೊಂದನ್ನು ಪುಸ್ತಕಕ್ಕೆ ಇಳಿಸಿಕೊಂಡು ಹೋದರೆ ಅವನಿಗೆ ದಕ್ಕುವುದು ಆಕಾರ ಮಾತ್ರ. ಅದನ್ನು ಬಾಗಿಸುವ ಕಟ್ಟು ದಕ್ಕಬೇಕಾದರೆ ಕೂರಬೇಕು, ತಿದ್ದಬೇಕು, ಕಾಯಬೇಕು. ಈ ಮಾತು ನಮಗೂ ಸಲ್ಲುತ್ತದೆ. ಅಂಗಳದಲ್ಲಿ ಅಜ್ಜಿ ಎಳೆಯುವ ರಂಗೋಲಿಯನ್ನು ದಿನವೂ ದಾಟಿ ಹೋಗುವ ನಾವು, ಒಂದು ದಿನವಾದರೂ ಪಕ್ಕದಲ್ಲಿ ಕುಳಿತು ಅದನ್ನು ಪ್ರತಿಮಾಡಿ ನೋಡಬಾರದೇಕೆ?