ಜೆಪ್ಪಿನ ಅಜ್ಜಿ

ನೇತ್ರಾವತಿಯು ಸಮುದ್ರವನ್ನು ಸೇರುವುದಕ್ಕೆ ಮುನ್ನ ಮೈಹರವಿ ಮಂದಗತಿಯಿಂದ ಹರಿಯುವಲ್ಲಿ, ಅದರ ಬಡಗಣ ದಡಕ್ಕೆ ಸೇರಿದಂತಿರುವ ಮಂಗಳೂರಿನ ಜೆಪ್ಪುವಿನ ಚರಿತ್ರೆಯನ್ನು ಬರೆಯಹೊರಟವನು ಹಂಚಿನ ಕಾರ್ಖಾನೆಯಿಂದ ಮೊದಲಿಡುವುದು ವಾಡಿಕೆ. ನನಗಾದರೋ ನನ್ನ ತಾಯಿಯ ತಾಯಿಯಿಂದ ಮೊದಲಿಡುವುದೇ ಸುಲಭ, ಏಕೆಂದರೆ ತೊಂಬತ್ತು ದಾಟಿ ಬದುಕಿದ ಆಕೆಗೆ ಕಾರ್ಖಾನೆಯ ಗಂಟೆಯೂ ದೇವಾಲಯದ ಗಂಟೆಯೂ ಒಬ್ಬನೇ ಯಜಮಾನನ ಕರೆಗಳಾಗಿದ್ದುವು.

ಬಾಸೆಲ್ ಮಿಶನಿನ ಪಾದ್ರಿಗಳು ಮಂಗಳೂರಿಗೆ ಬಂದುದು 1834ರಲ್ಲಿ. ಅವರ ಉಪದೇಶವನ್ನು ಕೇಳಿ ಸಭೆಗೆ ಸೇರಿದ ತುಳುವರಲ್ಲಿ ಬಿಲ್ಲವರು ಬಹುಮಂದಿ. ಕಳ್ಳು ಇಳಿಸುವ ಕಸುಬು ಕ್ರೈಸ್ತನಿಗೆ ಸಲ್ಲದೆಂಬ ವಿಧಿಯಿಂದ ಅವರ ಹೊಟ್ಟೆಪಾಡಿನ ದಾರಿಯೇ ಮುಚ್ಚಿತು. ಕಸುಬನ್ನು ಬಿಡಿಸಿದವರೇ ಕಸುಬನ್ನು ಕೊಡಬೇಕಾಯಿತಷ್ಟೆ! ಮೊದಲು ಮಗ್ಗಗಳು ಬಂದುವು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಹೊಳೆದಡದ ಜೇಡಿಮಣ್ಣನ್ನು ನಂಬಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಮುಳಿಹುಲ್ಲಿನ ಮಾಡುಗಳ ಈ ಕರಾವಳಿಗೆ ಕೆಂಪು ಬಣ್ಣ ಬಂದುದು ಹೀಗೆ.

ಅಜ್ಜಿಯ ತಂದೆ ಅಲ್ಲಿ ಹಂಚೊತ್ತುವ ಯಂತ್ರದ ಬಳಿ ದುಡಿದವರು. ಆಕೆಯೂ ಮದುವೆಗೆ ಮುನ್ನ ಹಸಿಹಂಚುಗಳನ್ನು ಒಣಗಿಸುವ ಅಟ್ಟಳಿಗೆಗೆ ಹೊತ್ತವಳು. ಮೊದಲನೆಯ ಮಹಾಯುದ್ಧಕಾಲದಲ್ಲಿ ಸರಕಾರವು ಜರ್ಮನ್ ಪಾದ್ರಿಗಳನ್ನು ಸೆರೆಯಿಟ್ಟುದನ್ನೂ, ಬಳಿಕ ಕಾರ್ಖಾನೆಯು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುದನ್ನೂ ಇತಿಹಾಸಕಾರರು ವಿಸ್ತರಿಸಿ ಬರೆದಾರು. ಅಜ್ಜಿಗೆ ಅದು ‘ದೊರೆಗಳನ್ನು ಕೊಂಡುಹೋದ ವರ್ಷ’. ಮನೆಯ ಜನನ ಮರಣಗಳೆಲ್ಲವನ್ನೂ ಅದರ ಹಿಂದೆ ಮುಂದೆ ಎಣಿಸಿಯೇ ಹೇಳುತ್ತಿದ್ದಳು.

ಆಕೆಯ ಭಕ್ತಿಯಲ್ಲಿ ಆವೇಶವೆಂಬುದಿರಲಿಲ್ಲ. ಸಂಜೆ ಕೈಕಾಲು ತೊಳೆದು, ಚಾಪೆಯ ಮೇಲೆ ಕುಳಿತು, ಕನ್ನಡಕದ ಮುರಿದ ಕಡ್ಡಿಗೆ ಕಟ್ಟಿದ ದಾರವನ್ನು ಕಿವಿಗೆ ಸುತ್ತಿಕೊಂಡು, ಸತ್ಯವೇದದ ಒಂದು ಅಧ್ಯಾಯವನ್ನು ಬೆರಳಿಟ್ಟು ಓದುವಳು. ವಂಶಾವಳಿಯ ಅಧ್ಯಾಯವಾದರೂ ಒಂದು ಹೆಸರನ್ನು ಬಿಡಳು. ಅನಂತರ ಗೀತೆ. ಜರ್ಮನ್ ರಾಗಕ್ಕೆ ಹೊಂದಿಸಿದ ಕನ್ನಡ ಪದಗಳು ಕೆಲವೆಡೆ ಎಳೆದಾಡಿ ಬಳಲುವುದುಂಟು; ಅಜ್ಜಿ ಅಂತಹ ಕಡೆ ರಾಗವನ್ನೇ ತುಸು ಬಾಗಿಸಿ ಪದವನ್ನು ಉಳಿಸುತ್ತಿದ್ದಳು. ಇದು ಪಾದ್ರಿಗಳಿಗೆ ಒಪ್ಪುತ್ತಿತ್ತೋ ಇಲ್ಲವೋ, ನನಗಂತೂ ಆಕೆಯ ಪಾಠವೇ ಮೇಲೆಂದು ತೋರುತ್ತದೆ. ಪ್ರಾರ್ಥನೆಯೆಲ್ಲ ಗ್ರಾಂಥಿಕ ಕನ್ನಡದಲ್ಲಿ, ಸೊಸೆಯಂದಿರನ್ನು ಗದರುವುದು ತುಳುವಿನಲ್ಲಿ. ಭೂತದ ಕೋಲಕ್ಕೆ ಹೋಗುವುದು ಸಭೆಯ ಶಿಸ್ತಿಗೆ ವಿರುದ್ಧ. ಆಕೆ ಎಂದೂ ಹೋದವಳಲ್ಲ. ಆದರೆ ಇರುಳಲ್ಲಿ ದೂರದಿಂದ ವಾದ್ಯದ ಸದ್ದು ಕೇಳಿಬಂದರೆ, ಈಗ ಯಾವ ಭೂತ ಗಗ್ಗರ ಕಟ್ಟಿತೆಂಬುದನ್ನು ಮಲಗಿದಲ್ಲಿಂದಲೇ ಹೇಳಬಲ್ಲವಳಾಗಿದ್ದಳು. ಹೇಗೆ ಗೊತ್ತೆಂದು ಕೇಳಿದರೆ, ‘ಕಿವಿಗೆ ರೆಪ್ಪೆಯಿದೆಯೇ?’ ಎನ್ನುವಳು.

ಇಂದು ಸಿಮೆಂಟಿನ ತಾರಸಿಗಳು ಬಂದು ಹಂಚನ್ನು ಕೇಳುವವರು ವಿರಳರಾಗಿದ್ದಾರೆ. ಕೇರಿಯ ಮಕ್ಕಳು ದುಬೈಗೂ ಮುಂಬಯಿಗೂ ಹೋಗಿದ್ದಾರೆ. ಅಜ್ಜಿ ತೀರಿಕೊಂಡುದು ಮಳೆಗಾಲದ ಆರಂಭದಲ್ಲಿ. ಸಭೆಯ ಹಿರಿಯರು ಲೆಕ್ಕದ ಪುಸ್ತಕವನ್ನು ತೆರೆದು ನೋಡುವಾಗ, ತಿಂಗಳ ವಂತಿಗೆಯನ್ನು ಆಕೆ ಡಿಸೆಂಬರಿನವರೆಗೂ ಮುಂಗಡವಾಗಿ ಸಲ್ಲಿಸಿದ್ದುದು ತಿಳಿದುಬಂತು. ಉಳಿದ ಹಣವನ್ನು ಹಿಂದಿರುಗಿಸಬೇಕೆ ಎಂದು ಅವರು ಸಂಕೋಚದಿಂದ ಕೇಳಿದರು. ನನ್ನ ತಾಯಿ ರಸೀದಿ ಮಾತ್ರ ಸಾಕೆಂದಳು.